ಗ್ರಾಫಿಟಿಗೆ ‘ಗೋಡೆಬರಹ’ ಸಾಕಾಗುತ್ತದಾ? ಗೀಚು, ಗೀರು, ಕೆತ್ತು ಬಗ್ಗೆ

ಎಲ್ಲರಿಗೂ ನಮಸ್ಕಾರ.

ಗ್ರಾಫಿಟಿ, ಅಂದರೆ ಗೋಡೆ, ಬಂಡೆಗಳ ಮೇಲೆ ಜನ ಬರೆಯುವ, ಗೀರುವ ಬರಹದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ‘ಗೋಡೆಬರಹ’. ಆದರೆ ನಮ್ಮ ಮಂಗಳೂರಿನಲ್ಲಿ ಚುನಾವಣೆಯ ಘೋಷಣೆಯೂ ಗೋಡೆಬರಹ, ರಾಮಕೃಷ್ಣ ಮಿಷನ್ನಿನ ಸ್ವಚ್ಛ ಮಂಗಳೂರು ಅಭಿಯಾನದವರು ಬಣ್ಣದಲ್ಲಿ ಮಾಡಿಸಿದ್ದೂ ಗೋಡೆಬರಹ, 2020ರಲ್ಲಿ ಯಾರೋ ಕದ್ದು ಬರೆದು ಪೊಲೀಸ್ ಕೇಸಾದದ್ದೂ ಗೋಡೆಬರಹವೇ. ಕೇಳಿ ಬರೆದದ್ದಕ್ಕೂ ಕೇಳದೆ ಬರೆದದ್ದಕ್ಕೂ ಒಂದೇ ಪದ. ಓದುವವರು ಅರ್ಥ ಹಿಡಿಯುವುದು ಮಾತ್ರ ಆ ವ್ಯತ್ಯಾಸದಿಂದಲೇ, ಅಲ್ವಾ?

ಬಲ್ಮಠದ ಹತ್ತಿರ ಒಂದು ಕಂಪೌಂಡಿನ ಮೇಲೆ ನೀಲಿ ಪೇಂಟಿನಲ್ಲಿ ‘ಇಲ್ಲಿ ಕಸ ಹಾಕಬಾರದು’ ಎಂದಿದೆ. ಅದರ ಕೆಳಗೆ ಇದ್ದಿಲಿನಲ್ಲಿ, ಸಣ್ಣ ಅಕ್ಷರದಲ್ಲಿ: ‘ಮತ್ತೆ ಎಲ್ಲಿ ಹಾಕುದು?’ ಮೇಲಿನ ಸಾಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೂ ಅಪ್ಪಣೆ ಹೋಗಿ ವಾದ ಶುರುವಾಗಿದೆ. ಇನ್ನೊಂದು ಗಮನಿಸಿ. ‘ಹಾಕೋದು’ ಅಲ್ಲ, ‘ಹಾಕುದು’. ಹೆಸರು ಹಾಕದಿದ್ದರೂ ಬರೆದವರು ಈ ಕಡೆಯವರೇ ಎಂದು ಆ ಒಂದು ಸ್ವರದಿಂದ ಗೊತ್ತಾಗುತ್ತದೆ.

ಹೀಗೆ ಗೋಡೆಯ ಮೇಲೆ ಮಾತಿಗೆ ಮಾತು ಕೊಡುವುದು ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಡಿ ಹೂತುಹೋದ ರೋಮನ್ನರ ಪಾಂಪೇ ಪಟ್ಟಣದಲ್ಲಿ, ಇಷ್ಟೊಂದು ಜನರ ಬೇಸರದ ಬರಹ ಹೊತ್ತೂ ನೀನಿನ್ನೂ ಬಿದ್ದಿಲ್ಲವಲ್ಲ ಎಂದು ಯಾರೋ ಗೋಡೆಯನ್ನೇ ಮಾತಾಡಿಸಿದ್ದಾರೆ. ನಮ್ಮ ‘ನಾಳೆ ಬಾ’ ನೋಡಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲಿಗೆ ಬಿದ್ದ ಆ ಎರಡು ಪದ ಬರೆದದ್ದು, ರಾತ್ರಿ ಬಂದು ಬಾಗಿಲು ತಟ್ಟುತ್ತದೆ ಎಂದು ಸುದ್ದಿಯಾಗಿದ್ದ ದೆವ್ವ ಓದಿ ವಾಪಸು ಹೋಗಲಿ ಅಂತ. ಆ ಸುದ್ದಿ ಗೊತ್ತಿಲ್ಲದವರು, ಸಾಲ ಕೊಟ್ಟವರನ್ನು ಸಾಗಹಾಕಲು ಬರೆದದ್ದು ಅಂದುಕೊಂಡಾರು.

ಇನ್ನು ಪದದ ವಿಷಯ. ಗ್ರಾಫಿಟಿಯ ಇಟಾಲಿಯನ್ ಮೂಲಕ್ಕೆ ಗೀರುವುದು ಎಂದೇ ಅರ್ಥ. ಆಟಿಯ (ತುಳುವರ ಮಳೆಗಾಲದ ತಿಂಗಳು) ಮಳೆಗೆ ಕಂಪೌಂಡು ಪಾಚಿ ಹಿಡಿದಾಗ ಶಾಲೆ ಮಕ್ಕಳು ಕೊಡೆಯ ತುದಿಯಲ್ಲಿ ಹೆಸರು ಬರೆಯುತ್ತಾರಲ್ಲ, ಅದೇ ಕೆಲಸ. ಹಸಿರು ಕಿತ್ತುಬಂದು ಒಳಗಿನ ಸಿಮೆಂಟು ಅಕ್ಷರವಾಗಿ ಕಾಣುತ್ತದೆ. ‘ಗೋಡೆಬರಹ’ದಲ್ಲಿ ಈ ಗೀರು ಇಲ್ಲ. ‘ಗೀಚುಬರಹ’ ಅಂದರೆ ಓದುವ ಮೊದಲೇ ಬೈದ ಹಾಗೆ. ‘ಕೆತ್ತು’ ಅಂದರೆ ಬಾರ್ಕೂರಿನ ಶಾಸನಗಳ ಗೌರವ ಬಂದುಬಿಡುತ್ತದೆ. ನನ್ನ ಮನಸ್ಸು ‘ಗೀರುಬರಹ’ದ ಕಡೆಗಿದೆ. ಆದರೆ ಸ್ಪ್ರೇ ಬಣ್ಣದಲ್ಲಿ ಬರೆದದ್ದಕ್ಕೂ ಇದು ಹೊಂದೀತಾ?

ಕುಂದಾಪುರ, ಕಾರ್ಕಳದ ಕಡೆ ಬಂಡೆಯ ಮೇಲೆ, ಬಸ್ಸಿನ ಸೀಟಿನ ಹಿಂದೆ ಹೆಸರು ಬರೆಯುವುದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಕೇಳದೆ ಬರೆದದ್ದು ಎಂಬ ಅರ್ಥವೂ ಅದರಲ್ಲೇ ಇದ್ದರೆ ಇನ್ನೂ ಒಳ್ಳೆಯದು.