ಗುಡ್ಡದ ಬುಡದ ಮನೆಗೆ ನೆಟ್‌ವರ್ಕ್: ಕೈಯಲ್ಲೇ ಮಾಡಿದ ಆ್ಯಂಟೆನಾದಿಂದ ಆಗುತ್ತದಾ?

ತೋಟದ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರದ ಕಡೆ, ಗುಡ್ಡದ ಬುಡದಲ್ಲಿ. ಮುಂದೆ ಅಡಿಕೆ ತೋಟ, ಹಿಂದೆ ಎತ್ತರದ ಧರೆ. ಹಂಚಿನ ಮನೆ, ಅಂಗಳಕ್ಕೆ ಪೂರ್ತಿ ತಗಡಿನ ಶೀಟ್ ಹಾಕಿಸಿದ್ದೇವೆ. ಒಳಗೆ ಒಂದು ಕಡ್ಡಿ ನೆಟ್‌ವರ್ಕ್ ಕೂಡ ಬರುವುದಿಲ್ಲ. ಮಾತಾಡಬೇಕು ಅಂದರೆ ಧರೆ ಹತ್ತಿ ಮೇಲಿನ ಗೇರುಮರದ ಹತ್ತಿರ ಹೋಗಬೇಕು. ಅಮ್ಮನಿಗೆ ಮಂಡಿ ನೋವು. ಮಳೆಗಾಲದಲ್ಲಿ ಆ ದಾರಿ ಜಾರುತ್ತದೆ. ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೂ ತಿಳಿಸೋಕೆ ಆಗಲ್ಲ ಅನ್ನೋದೇ ನಮ್ಮ ದೊಡ್ಡ ಚಿಂತೆ.

ಒಂದು ವಿಡಿಯೋದಲ್ಲಿ ಹೊರಗೊಂದು, ಒಳಗೊಂದು ಆ್ಯಂಟೆನಾ ಇಟ್ಟು ನಡುವೆ ಡಿಶ್ ಕೇಬಲ್ ಜೋಡಿಸಿದ್ದರು. ಕರೆಂಟೇ ಬೇಡ, ಮನೆ ತುಂಬ ಸಿಗ್ನಲ್ ಅಂತಾರೆ. ಇನ್ನೊಂದು ಕಡೆ ಮೂರು-ನಾಲ್ಕು ಸಾವಿರಕ್ಕೆ ಬೂಸ್ಟರ್ ಮಾರುತ್ತಿದ್ದಾರೆ. ಎರಡರಲ್ಲಿ ಯಾವುದು ಒಳ್ಳೆಯದು? ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ.

ಹ್ಯಾಮ್ ಹವ್ಯಾಸಿ:

ಯಾವುದನ್ನೂ ಕೊಳ್ಳುವ ಮುಂಚೆ ಅಳತೆ ಬೇಕು. ಕಡ್ಡಿ ಲೆಕ್ಕ ನಂಬಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಆ್ಯಂಡ್ರಾಯ್ಡ್ ಆದರೆ ಡಯಲ್ ಮಾಡುವ ಕಡೆ *#*#4636#*#* ಒತ್ತಿ. ಕೆಲವು ಕಂಪನಿಯ ಫೋನ್‌ಗಳಲ್ಲಿ ಅದು ತೆರೆಯಲ್ಲ, ಆಗ ನೆಟ್‌ವರ್ಕ್ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಅಲ್ಲಿ ಆರ್‌ಎಸ್‌ಆರ್‌ಪಿ ಅಂತ ಮೈನಸ್ ಸಂಖ್ಯೆ ಇರುತ್ತದೆ, ಸಿಗ್ನಲ್ ಎಷ್ಟು ಬಲವಾಗಿದೆ ಅನ್ನೋದರ ಅಳತೆ ಅದು. ಮೈನಸ್ 80-90 ಚೆನ್ನಾಗಿದೆ ಅಂತ. 110 ದಾಟಿದರೆ ಕಷ್ಟ. 120 ಆದರೆ ಕರೆ ನಡುವೆಯೇ ಕಡಿದುಹೋಗುತ್ತದೆ. ಜೊತೆಗೆ ಬ್ಯಾಂಡ್ (ಟವರ್ ಬಳಸುವ ಅಲೆಯ ಶ್ರೇಣಿ) ಯಾವುದು ಅಂತ ಬರೆದುಕೊಳ್ಳಿ. ಜಗಲಿ, ಅಂಗಳ, ಮಾಡಿನ ಎತ್ತರ, ಧರೆಯ ಮೇಲೆ, ನಾಲ್ಕೂ ಕಡೆ ನೋಡಿ.

ತೋಟದ ಮನೆ:

ನೋಡಿದೆ ಸರ್. ಜಗಲಿಯಲ್ಲಿ ಮೈನಸ್ 121, ಆಗಾಗ ಪೂರ್ತಿ ಹೋಗುತ್ತದೆ. ಅಂಗಳದಾಚೆ ಬಯಲಲ್ಲಿ 113. ಏಣಿ ಇಟ್ಟು ಮಾಡಿನ ಮೇಲೆ 110. ಧರೆಯ ಮೇಲೆ 97. ಎಲ್ಲಾ ಕಡೆ ಬ್ಯಾಂಡ್ 5 ಅಂತಲೇ ಬರುತ್ತದೆ. ಮನೆಯಿಂದ ಧರೆಯ ತುದಿಗೆ ಕೇಬಲ್ ಎಳೆದರೆ ಸುಮಾರು 40 ಮೀಟರ್ ಆಗಬಹುದು.

ಹ್ಯಾಮ್ ಹವ್ಯಾಸಿ:

ನಿಮ್ಮ ಸಂಖ್ಯೆಗಳಲ್ಲೇ ಉತ್ತರ ಇದೆ. ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಸ್. ಅಲೆ ಉದ್ದ, ಸುಮಾರು 35 ಸೆಂಟಿಮೀಟರ್. ಇಂಥ ಅಲೆ ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಬಾಗಿ ಕೆಳಗೂ ಇಳಿಯುತ್ತದೆ. ಅದಕ್ಕೇ ನಿಮಗೆ ಅಷ್ಟಾದರೂ ಸಿಗುತ್ತಿದೆ. 1800 ಅಥವಾ 2300ರ ಅಲೆ ಅಲ್ಲೇ ಸೋತುಹೋಗುತ್ತದೆ. ಮಾಡಿನ ಮೇಲಿನ 110ಕ್ಕೂ ಧರೆಯ 97ಕ್ಕೂ 13 ಡೆಸಿಬೆಲ್ ವ್ಯತ್ಯಾಸ. ಅಂದರೆ ಅಲ್ಲಿ ಇಪ್ಪತ್ತು ಪಟ್ಟು ಶಕ್ತಿ ಇದೆ.

ಈಗ ಆ ವಿಡಿಯೋದ ವಿಷಯ. ಕರೆಂಟಿಲ್ಲದೆ ಎರಡು ಆ್ಯಂಟೆನಾ ಜೋಡಿಸುವುದು ನಿಮ್ಮಲ್ಲಿ ಖಂಡಿತ ನಡೆಯಲ್ಲ. ಧರೆಯ ಮೇಲೆ 97 ಇದೆ. ಒಳ್ಳೆ ಆ್ಯಂಟೆನಾದಿಂದ 10 ಡೆಸಿಬೆಲ್ ಸಿಕ್ಕಿ 87 ಆಯಿತು ಅನ್ನಿ. ಡಿಶ್ ಕೇಬಲ್ 40 ಮೀಟರಿಗೆ 8 ಡೆಸಿಬೆಲ್ ತಿನ್ನುತ್ತದೆ, 95ಕ್ಕೆ ಇಳಿಯಿತು. ಒಳಗಿನ ಆ್ಯಂಟೆನಾದಿಂದ ಹೊರಟು ಬರೀ ಎರಡು ಮೀಟರ್ ಗಾಳಿಯಲ್ಲಿ ಹೋಗುವಷ್ಟರಲ್ಲಿ ಇನ್ನೂ 37 ಹೋಗುತ್ತದೆ. ಕೊನೆಗೆ ಉಳಿಯುವುದು ಮೈನಸ್ 130ರ ಆಚೆ ಈಚೆ. ನಿಮ್ಮ ಜಗಲಿಯಲ್ಲಿ ಈಗ ಇರುವುದಕ್ಕಿಂತ ಕಡಿಮೆ! ಟವರ್ ಎದುರಿಗೇ ಇದ್ದು, ದಪ್ಪ ಕಾಂಕ್ರೀಟ್ ಗೋಡೆ ಒಂದೇ ಅಡ್ಡ ಇರುವ ನೆಲಮಾಳಿಗೆಯಲ್ಲಿ ಈ ಉಪಾಯ ಸ್ವಲ್ಪ ಕೆಲಸ ಮಾಡುತ್ತದೆ. ಮಲೆನಾಡಿನ ಕಣಿವೆಯಲ್ಲಿ ಮಾಡುವುದಿಲ್ಲ.

ಬೂಸ್ಟರ್ ದಯವಿಟ್ಟು ಬೇಡ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ವೈರ್‌ಲೆಸ್ ಸಾಧನಕ್ಕೆ ಲೈಸೆನ್ಸ್ ಬೇಕು ಅನ್ನುವ ಕಾನೂನು 1933ರಿಂದಲೂ ಇದೆ. ಕಾನೂನು ಹಾಗಿರಲಿ, ಅಕ್ಕಪಕ್ಕದವರಿಗೂ ತೊಂದರೆ. ಅಗ್ಗದ ಬೂಸ್ಟರ್ ನಿಮ್ಮ ಮಾತಿನ ಜೊತೆ ಬರೀ ಗದ್ದಲವನ್ನೂ ಹಿಗ್ಗಿಸಿ ಟವರ್‌ಗೆ ಕಳಿಸುತ್ತದೆ. ಒಳಗಿನ ಆ್ಯಂಟೆನಾದ ಸಿಗ್ನಲ್ ಹೊರಗಿನದಕ್ಕೆ ಮತ್ತೆ ಸಿಕ್ಕಿದರೆ ಮೈಕ್ ಕೂಗಿಕೊಂಡ ಹಾಗೆ ಅದೂ ಕೂಗಲು ಶುರು ಮಾಡುತ್ತದೆ. ಆಗ ಆ ಟವರ್ ನಂಬಿಕೊಂಡ ಊರೆಲ್ಲ ಒದ್ದಾಡಬೇಕು. ಅಲ್ಲೂ ಯಾರದೋ ಮನೆಯಲ್ಲಿ ವಯಸ್ಸಾದವರು ಇರುತ್ತಾರೆ, ಅಲ್ವಾ?

ನಿಮಗೆ ಬೇಕಾದ್ದು ಬೇರೆ. ಸಿಮ್ ಹಾಕುವ 4ಜಿ ರೂಟರ್ ತಗೊಳ್ಳಿ, ಹೊರಗಿನ ಆ್ಯಂಟೆನಾ ಸಿಕ್ಕಿಸಲು ಎರಡು ಎಸ್‌ಎಂಎ ಪೋರ್ಟ್ ಇರಬೇಕು. ಮನೆಯೊಳಗೆ ಇಡಬೇಡಿ. ಧರೆಯ ಮೇಲೆ ಆ್ಯಂಟೆನಾದ ಬೆನ್ನಿಗೇ ಕೂರಿಸಿ. ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಇಳಿಸಿ. ರೇಡಿಯೋ ಸಿಗ್ನಲ್ ಕೇಬಲ್‌ನಲ್ಲಿ ಮೀಟರ್ ಮೀಟರಿಗೂ ಸೊರಗುತ್ತದೆ. ಲ್ಯಾನ್ ಕೇಬಲ್‌ನಲ್ಲಿ 100 ಮೀಟರಿನ ತನಕ ಡೇಟಾ ಹಾಗೇ ಬರುತ್ತದೆ. ಮನೆಯಲ್ಲಿ ಸಾಧಾರಣ ವೈಫೈ ರೂಟರ್ ಒಂದಿದ್ದರೆ ಸಾಕು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ನಿಮ್ಮದೇ ನಂಬರ್‌ಗೆ ಕರೆ ಬರುತ್ತದೆ, ಹೋಗುತ್ತದೆ. ಏರ್‌ಟೆಲ್ ಇದನ್ನು 2019ರ ಕೊನೆಯಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ರೂಟರ್‌ನಲ್ಲಿ ಯಾವ ಕಂಪನಿಯ ಸಿಮ್ ಇದ್ದರೂ ನಡೆಯುತ್ತದೆ. ರೂಟರ್ ಕೂಡ ಫೋನಿನ ಥರವೇ ತನ್ನ ಸಿಮ್‌ನಿಂದ ಟವರ್ ಜೊತೆ ಮಾತಾಡುತ್ತದೆ, ಬೇರೆಯವರ ಸಿಗ್ನಲ್ ಮುಟ್ಟುವುದಿಲ್ಲ.

ಊರಿಗೆ ಫೈಬರ್ ಬಂದಿದ್ದರೆ ಇದ್ಯಾವುದೂ ಬೇಡ, ಅದನ್ನೇ ಹಾಕಿಸಿ.

ತೋಟದ ಮನೆ:

ಫೈಬರ್ ಮುಖ್ಯರಸ್ತೆ ತನಕ ಬಂದು ನಿಂತಿದೆ. ನಮ್ಮ ಕಡೆ ಮೂರೇ ಮನೆ, ಎಳೆಯೋಕೆ ಯಾರೂ ಒಪ್ಪುತ್ತಿಲ್ಲ. ನೀವು ಹೇಳಿದ ದಾರಿಯೇ ಸರಿ. ಆ್ಯಂಟೆನಾ ನಾನೇ ಮಾಡಬಹುದಾ? ಹಳೇ ಡಿಟಿಎಚ್ ಛತ್ರಿ ಒಂದು ಸುಮ್ನೆ ಬಿದ್ದಿದೆ.

ಸೋಲ್ಡರ್ ಗನ್:

ಖಂಡಿತ ಮಾಡಬಹುದು. ಆದರೆ ಛತ್ರಿ ನಿಮ್ಮ ಬ್ಯಾಂಡಿಗೆ ಲಾಭ ಇಲ್ಲ. 60 ಸೆಂಟಿಮೀಟರ್ ಛತ್ರಿ 1800ರಲ್ಲಿ 17-18 ಡೆಸಿಬೆಲ್ ಕೊಡಬಹುದು. 850ರಲ್ಲಿ ಛತ್ರಿಯ ಅಗಲ ಎರಡು ಅಲೆಯಷ್ಟೂ ಇಲ್ಲ, ಆದ್ದರಿಂದ ತಂತಿ ಬಗ್ಗಿಸಿ ಮಾಡುವ ಬರೀ ಬೈಕ್ವಾಡ್ ಆ್ಯಂಟೆನಾಕ್ಕಿಂತ ಹೆಚ್ಚೇನೂ ಸಿಗದು. 1800 ಸಿಗುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಡಿಟಿಎಚ್ ಛತ್ರಿ ಮುಖ ಮಾಡಿದ ಕಡೆ ನೋಡುವುದಿಲ್ಲ, ಸುಮಾರು 25 ಡಿಗ್ರಿ ಮೇಲಕ್ಕೆ ನೋಡುತ್ತದೆ. ಟವರ್ ಕಡೆ ತಿರುಗಿಸುವಾಗ ಮುಖ ನೆಲಕ್ಕೆ ಬಾಗಿದ ಹಾಗೆ ಕಾಣಬೇಕು.

ನಿಮಗೆ ಬೈಕ್ವಾಡ್ ಹೇಳಿಕೊಡುತ್ತೇನೆ. ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ತಾಮ್ರದ ತಂತಿ, ಒಂಟಿ ಎಳೆಯದ್ದು, 70 ಸೆಂಟಿಮೀಟರ್ ಬೇಕು. ಪ್ಲಾಸ್ಟಿಕ್ ಸುಲಿಯಿರಿ. ಪ್ರತಿ 87 ಮಿಲಿಮೀಟರಿಗೆ ಗುರುತು ಹಾಕಿ, ಇಕ್ಕಳದಿಂದ 90 ಡಿಗ್ರಿ ಬಗ್ಗಿಸುತ್ತಾ ಹೋಗಿ. ಎರಡು ಚೌಕ ಮೂಲೆಗೆ ಮೂಲೆ ತಾಗಿದ ಹಾಗೆ ಬರಬೇಕು, ಇಂಗ್ಲಿಷಿನ ಎಂಟು ಇದ್ದಂತೆ. ನಡುವೆ ಎರಡು ಮೂಲೆ ಎದುರುಬದುರು ಬರುತ್ತವೆ. ಅವು ಒಂದಕ್ಕೊಂದು ತಾಗಬಾರದು, ಎರಡು ಮಿಲಿಮೀಟರ್ ಸಂದು ಇರಲಿ. ಒಂದು ಮೂಲೆಗೆ ಕೇಬಲ್‌ನ ನಡು ತಂತಿ, ಇನ್ನೊಂದಕ್ಕೆ ಹೊರಗಿನ ಜಾಳಿಗೆ ಬೆಸೆಯಿರಿ. ಹಿಂದೆ 35 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ತಗಡು, ತಂತಿಗೂ ಅದಕ್ಕೂ 43 ಮಿಲಿಮೀಟರ್ ಅಂತರ. ಅಂತರ ಹಿಡಿಯಲು ಪಿವಿಸಿ ಪೈಪಿನ ತುಂಡು ಸಾಕು, ಕಬ್ಬಿಣದ ಬೋಲ್ಟ್ ಹಾಕಬೇಡಿ. ಹೀಗೆ ಎರಡು ಮಾಡಿ. ಒಂದನ್ನು ಬಲಕ್ಕೆ 45 ಡಿಗ್ರಿ, ಇನ್ನೊಂದನ್ನು ಎಡಕ್ಕೆ 45 ಡಿಗ್ರಿ ಓರೆ ಮಾಡಿ ಪಕ್ಕಪಕ್ಕ ಕಟ್ಟಿ. ಈಗಿನ ಟವರ್‌ಗಳೂ ಹಾಗೇ ಓರೆಯಾಗಿ ಎರಡು ರೀತಿ ಕಳಿಸುತ್ತವೆ, ರೂಟರ್ ಎರಡನ್ನೂ ಕೂಡಿಸಿಕೊಳ್ಳುತ್ತದೆ.

ಕೇಬಲ್ ಅರ್ಧ ಮೀಟರ್ ಮೀರಬಾರದು. ಎಸ್‌ಎಂಎ ಪಿನ್ ಇರುವ ಸಿದ್ಧ ತುಂಡು ಕೊಂಡು ಒಂದು ತುದಿ ಕತ್ತರಿಸಿಕೊಳ್ಳಿ. ವೈಫೈಗೆ ಬರುವ ಆರ್‌ಪಿ-ಎಸ್‌ಎಂಎ ಬೇರೆ, ಅದರ ನಡುವೆ ಪಿನ್ ಇರುವುದಿಲ್ಲ. ಅಂಗಡಿಯಲ್ಲಿ ನೋಡಿ ತಗೊಳ್ಳಿ.

ಘಟ್ಟದ ಮೇಲೆ:

ದಿಕ್ಕಿಗೆ ತರಂಗ್ ಸಂಚಾರ್ ಪೋರ್ಟಲ್ ನೋಡಿ. ದೂರಸಂಪರ್ಕ ಇಲಾಖೆಯದ್ದು, ಹತ್ತಿರದ ಟವರ್‌ಗಳು ನಕ್ಷೆಯಲ್ಲೇ ಕಾಣುತ್ತವೆ. ಆಮೇಲೆ ಆ್ಯಂಟೆನಾವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಿರುಗಿಸಿದ ಮೇಲೆ ಒಂದು ನಿಮಿಷ ಕೈ ಕಟ್ಟಿ ನಿಲ್ಲಿ, ರೂಟರ್ ಸಂಖ್ಯೆ ಬದಲಿಸೋಕೆ ಹೊತ್ತು ತಗೊಳ್ಳುತ್ತದೆ. ಆರ್‌ಎಸ್‌ಆರ್‌ಪಿ ಒಂದನ್ನೇ ನೋಡಬೇಡಿ. ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಹೆಚ್ಚು ಅನ್ನೋ ಅಳತೆ) ಜಾಸ್ತಿ ಬರುವ ದಿಕ್ಕೇ ಒಳ್ಳೆಯದು. ಕೆಲವು ಸಲ ಅದು ಟವರ್ ಇರುವ ದಿಕ್ಕು ಆಗಿರುವುದಿಲ್ಲ, ಎದುರಿನ ಗುಡ್ಡಕ್ಕೆ ಬಡಿದು ಬರುವ ಸಿಗ್ನಲ್ಲೇ ಚೊಕ್ಕ ಇರುತ್ತದೆ.

ತೋಟದ ಮನೆ:

ಎಲ್ಲ ಕಟ್ಟಿ ಆಯಿತು. ಜಿಐ ಪೈಪಿನ ಮೇಲೆ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ರೂಟರ್. ಆರ್‌ಎಸ್‌ಆರ್‌ಪಿ ಮೈನಸ್ 88, ಎಸ್‌ಐಎನ್‌ಆರ್ 14 ಇದೆ! ಆದರೆ ಒಂದು ತೊಂದರೆ. ಧರೆಯ ಮೇಲೆ ಕರೆಂಟ್ ಇಲ್ಲ, ಅದಕ್ಕೆ ಲ್ಯಾನ್ ಕೇಬಲ್‌ನ ಖಾಲಿ ಎಳೆಗಳಲ್ಲೇ 12 ವೋಲ್ಟ್ ಕಳಿಸುತ್ತಿದ್ದೇನೆ. ರೂಟರ್ ಆನ್ ಆಗುತ್ತದೆ, ದೀಪಗಳೂ ಉರಿಯುತ್ತವೆ. ಯಾರಾದರೂ ವಿಡಿಯೋ ಹಾಕಿದ ಕೂಡಲೇ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಅಡಾಪ್ಟರ್ ಬದಲಿಸಿದರೂ ಅದೇ ಕಥೆ.

ಸೋಲ್ಡರ್ ಗನ್:

ಮಲ್ಟಿಮೀಟರ್ ಇದ್ದರೆ ರೂಟರ್ ಕಡೆ ತುದಿಯಲ್ಲಿ, ವಿಡಿಯೋ ಓಡುವಾಗಲೇ ವೋಲ್ಟ್ ನೋಡಿ. ಒಂಬತ್ತರ ಕೆಳಗೆ ಇರುತ್ತದೆ ಅಂತ ನನ್ನ ಲೆಕ್ಕ. ಲ್ಯಾನ್ ಕೇಬಲ್‌ನ ಎಳೆ ಬಹಳ ತೆಳು. 40 ಮೀಟರಿಗೆ ಒಂದು ಎಳೆಯ ರೆಸಿಸ್ಟೆನ್ಸ್ ಮೂರೂವರೆ ಓಮ್ ಹತ್ತಿರ. ಎರಡೆರಡು ಎಳೆ ಸೇರಿಸಿದರೂ ಹೋಗಿ ಬರುವ ದಾರಿಗೆ ಒಟ್ಟು ಮತ್ತೆ ಅಷ್ಟೇ ಆಗುತ್ತದೆ. ರೂಟರ್ ಒಂದು ಆಂಪಿಯರ್ ಎಳೆದರೆ ಮೂರೂವರೆ ವೋಲ್ಟ್ ದಾರಿಯಲ್ಲೇ ಖರ್ಚು. ಸುಮ್ಮನಿದ್ದಾಗ ಕಡಿಮೆ ಎಳೆಯುತ್ತದೆ, ಅದಕ್ಕೇ ದೀಪ ಉರಿಯುತ್ತದೆ. ಟವರ್‌ಗೆ ಜೋರಾಗಿ ಕಳಿಸುವಾಗ ಬೀಳುತ್ತದೆ.

ಕೆಳಗೆ 24 ವೋಲ್ಟ್ ಅಡಾಪ್ಟರ್ ಇಡಿ. ಮೇಲೆ ಡಬ್ಬಿಯೊಳಗೆ ಎಲ್‌ಎಂ2596 ಬಕ್ ಕನ್ವರ್ಟರ್ ಬೋರ್ಡ್ (ವೋಲ್ಟ್ ಇಳಿಸುವ ಚಿಕ್ಕ ಬೋರ್ಡ್) ಹಾಕಿ, ರೂಟರ್ ಸಿಕ್ಕಿಸುವ ಮೊದಲೇ ಅದರ ಸ್ಕ್ರೂ ತಿರುಗಿಸಿ 12 ವೋಲ್ಟಿಗೆ ಸರಿಯಾಗಿ ನಿಲ್ಲಿಸಿ. ನೀಲಿ ಜೋಡಿ ಪ್ಲಸ್, ಕಂದು ಜೋಡಿ ಮೈನಸ್. ಕಿತ್ತಳೆ, ಹಸಿರು ಜೋಡಿ ಡೇಟಾಕ್ಕೆ, ಮುಟ್ಟಬೇಡಿ. ಕೇಬಲ್ ಕೂಡ ಅಪ್ಪಟ ತಾಮ್ರದ್ದಾ ನೋಡಿ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಬಣ್ಣ ಹಚ್ಚಿದ ಅಲ್ಯೂಮಿನಿಯಂ, ಅದರಲ್ಲಿ ಇನ್ನೂ ಜಾಸ್ತಿ ವೋಲ್ಟ್ ಹೋಗುತ್ತದೆ.

ತೋಟದ ಮನೆ:

ಸರಿಯಾಯಿತು! ಮೀಟರಿನಲ್ಲಿ 8.7 ತೋರಿಸುತ್ತಿತ್ತು. ಕನ್ವರ್ಟರ್ ಹಾಕಿದ ಮೇಲೆ ವಿಡಿಯೋ ಹಾಕಿದರೂ ಆಫ್ ಆಗುತ್ತಿಲ್ಲ. ನನ್ನ ಫೋನಿಗೆ ಅಡುಗೆಮನೆಯಲ್ಲೇ ಕರೆ ಬರುತ್ತಿದೆ. ಅಮ್ಮನ ಫೋನಿನಲ್ಲಿ ಮಾತ್ರ ವೈಫೈ ಕಾಲಿಂಗ್ ಆನ್ ಇದ್ದರೂ ಒಂದೊಂದು ಸಲ ಕರೆ ಬರಲ್ಲ. ಅಪ್ಪನದು ಕೀಪ್ಯಾಡ್ ಫೋನ್, ಅದಕ್ಕೆ ಏನು ಮಾಡಲಿ?

ಹ್ಯಾಮ್ ಹವ್ಯಾಸಿ:

ಅಮ್ಮನ ಫೋನ್ ಆ ಮೈನಸ್ 120ರ ಸಿಗ್ನಲ್ಲನ್ನೇ ಹಿಡಿದುಕೊಂಡು ಕೂತಿದೆ. ವೈಫೈ ಕಾಲಿಂಗ್ ಸೆಟಿಂಗ್ಸ್ ಒಳಗೆ ವೈಫೈಗೆ ಮೊದಲ ಆದ್ಯತೆ ಅಂತ ಆರಿಸಿ. ಆ ಆಯ್ಕೆ ಇಲ್ಲದ ಫೋನ್ ಆದರೆ ಮನೆಯಲ್ಲಿದ್ದಾಗ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಹೊರಗೆ ಹೊರಟಾಗ ತೆಗೆಯುವುದನ್ನು ಹೇಳಿಕೊಡಿ.

ಅಪ್ಪನಿಗೆ ಸಿಮ್ ಹಾಕುವ ಟೇಬಲ್ ಫೋನ್ ಬರುತ್ತದೆ, ನೋಡೋಕೆ ಲ್ಯಾಂಡ್‌ಲೈನ್ ಥರವೇ. ಹೊರಗಿನ ಆ್ಯಂಟೆನಾದ ಪೋರ್ಟ್ ಇರುವುದು, 4ಜಿ ಕರೆ ಬರುವುದು ನೋಡಿ ತಗೊಳ್ಳಿ. ಜಿಯೋಗೆ 2ಜಿ ಇಲ್ಲ, ಹಳೇ ಟೇಬಲ್ ಫೋನ್ ಅದರಲ್ಲಿ ಕೆಲಸ ಮಾಡಲ್ಲ. ಅಂಗಳದಾಚೆ 113 ಇದೆಯಲ್ಲ, ಇನ್ನೊಂದು ಬೈಕ್ವಾಡ್ ಮಾಡಿ ಎತ್ತರದ ಕಂಬಕ್ಕೆ ಕಟ್ಟಿ, ಒಳ್ಳೆ ಕೇಬಲ್ ಹತ್ತು ಮೀಟರಿನೊಳಗೆ ಮುಗಿಸಿದರೆ ಬರೀ ಮಾತಿಗೆ ಸಾಕು. ರೂಟರ್ ಕೆಟ್ಟ ದಿನಕ್ಕೂ ಮನೆಯಲ್ಲಿ ಇನ್ನೊಂದು ದಾರಿ ಇದ್ದ ಹಾಗಾಯಿತು.

ಕೆಳಗಿನ 24 ವೋಲ್ಟಿಗೆ ಎರಡು 12 ವೋಲ್ಟ್ ಬ್ಯಾಟರಿ, ಚಾರ್ಜರ್ ಕೂರಿಸಿಬಿಡಿ, ಮನೆಯ ವೈಫೈ ರೂಟರ್‌ಗೂ ಅಲ್ಲಿಂದಲೇ ಒಂದು ಕನ್ವರ್ಟರ್ ಹಾಕಿ ಕೊಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೇ ಫೋನ್ ಜಾಸ್ತಿ ಬೇಕಾಗುವುದು. ಮತ್ತೆ ಧರೆಯ ಮೇಲಿನ ಆ ಪೈಪಿಗೆ ಈ ವಾರವೇ ಅರ್ಥಿಂಗ್ ಮಾಡಿ. ಬುಡದಲ್ಲೇ ರಾಡ್ ಹೊಡೆದು ದಪ್ಪ ತಾಮ್ರದ ತಂತಿ ಕಟ್ಟಿ. ಲ್ಯಾನ್ ಕೇಬಲ್ ಮನೆಗೆ ಬರುವ ಜಾಗದಲ್ಲಿ ಸಿಡಿಲಿನಿಂದ ವೋಲ್ಟ್ ಏರುವುದನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದನ್ನೂ ಅರ್ಥಿಂಗಿಗೆ ಸೇರಿಸಿ. ಇಷ್ಟು ಮಾಡಿದರೂ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಶುರುವಾಗುವ ಮುಂಚೆಯೇ ಗೋಡೆಯ ಹತ್ತಿರ ಕೇಬಲ್ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟೋಕೆ ಯಾರೂ ಹೋಗಬಾರದು, ಇದನ್ನು ಮನೆಯವರಿಗೆಲ್ಲ ಹೇಳಿಡಿ.