ವರುಣನೂ ಗ್ರೀಕರ ಊರನೋಸನೂ ಒಬ್ಬನೇ? ಪಾಂಡವರಲ್ಲಿ ಮೂರು ವರ್ಗ ಇದೆಯೇ?

ಪ್ರಶ್ನೆ: ಮೇಡಂ, ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಬರುವ ವಾರ ವಿರಾಟಪರ್ವದ ಪ್ರಸಂಗವಿದೆ. ಅದಕ್ಕೆ ಮೊದಲು ಹತ್ತು ನಿಮಿಷ ಪ್ರಸ್ತಾವನೆಯ ಮಾತೂ ನನ್ನ ಪಾಲಿಗೆ ಬಂದಿದೆ. ಮೊನ್ನೆ ಒಂದು ಉಪನ್ಯಾಸದಲ್ಲಿ ಕೇಳಿದ್ದು: ಐವರು ಪಾಂಡವರು ಪ್ರಾಚೀನ ಇಂಡೋ-ಯುರೋಪಿಯನ್ (ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದ ಭಾಷೆಗಳ ಮೂಲ ಕುಲದ) ಸಮಾಜದ ಮೂರು ವರ್ಗಗಳ ರೂಪವಂತೆ, ವರುಣನೂ ಗ್ರೀಕರ ಆಕಾಶದೇವತೆ ಊರನೋಸನೂ ಒಬ್ಬನೇ ಅಂತೆ. ಸಭೆಯಲ್ಲಿ ತಪ್ಪು ಹೇಳಬಾರದು. ಇದು ಸಾಬೀತಾದ ಮಾತೇ?

ಉತ್ತರ: ಕೇಳಿ ಒಳ್ಳೆಯದು ಮಾಡಿದಿರಿ. ನಾನು ಐತಿಹಾಸಿಕ ಭಾಷಾಶಾಸ್ತ್ರ ಪಾಠ ಮಾಡುವವಳು, ಹಾಗಾಗಿ ಮೊದಲು ಶಬ್ದದಿಂದಲೇ ಶುರು ಮಾಡುತ್ತೇನೆ.

ಹಳಗನ್ನಡದ ಪಾಲ್, ಪುಲಿ, ಪೂ ಇವತ್ತು ಹಾಲು, ಹುಲಿ, ಹೂ. ಪದದ ಮೊದಲಿನ ‘ಪ’ಕಾರ ಒಂದು ನಿಯಮ ಹಿಡಿದು ‘ಹ’ಕಾರವಾಯಿತು. ಎರಡು ಭಾಷೆಗಳ ದೇವರ ಹೆಸರು ಒಂದೇ ಮೂಲದ್ದು ಎನ್ನಬೇಕಾದರೂ ಇಂಥ ನಿಯಮ ಕೂಡಿಬರಬೇಕು. ಕಿವಿಗೆ ಒಂದೇ ಥರ ಕೇಳಿದರೆ ಸಾಲದು.

ವೇದದ ಆಕಾಶದೇವತೆ ‘ದ್ಯೌಃ’ ತೆಗೆದುಕೊಳ್ಳಿ. ದ್ವಿತೀಯೆಯಲ್ಲಿ ದ್ಯಾಮ್, ಷಷ್ಠಿಯಲ್ಲಿ ದಿವಃ. ಗ್ರೀಕಿನಲ್ಲಿ ಜೆಯುಸ್, ಹೋಮರನ ದ್ವಿತೀಯೆ ಜೇನ್, ಷಷ್ಠಿ ದಿಓಸ್. ಹೆಸರಷ್ಟೇ ಅಲ್ಲ, ವಿಭಕ್ತಿಯಲ್ಲಿ ಅದು ಬದಲಾಗುವ ರೀತಿಯೂ ಒಂದೇ! ಋಗ್ವೇದದ ಸಂಬೋಧನೆ ‘ದ್ಯೌಷ್ಪಿತಃ’, ಲ್ಯಾಟಿನ್ನಿನ ಯೂಪ್ಪಿತೆರ್, ಅಂದರೆ ನಾವು ಜ್ಯೂಪಿಟರ್ ಎನ್ನುವ ಹೆಸರು, ಅದೇ ಸಂಬೋಧನೆ. ಇದನ್ನು ಧೈರ್ಯವಾಗಿ ಹೇಳಿ. ಉಷಸ್ಸು ಮತ್ತು ಗ್ರೀಕರ ಏಓಸ್ ಕೂಡ ಹೀಗೇ.

ವರುಣ–ಊರನೋಸ್ ಜೋಡಿಗೆ ಆ ಬಲವಿಲ್ಲ. ಫ್ರೆಂಚ್ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ 1934ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಆದರೆ ಗ್ರೀಕ್ ಉಪಭಾಷೆಗಳ ರೂಪಗಳನ್ನು ಜೋಡಿಸಿ ನೋಡಿದರೆ ಊರನೋಸ್‌ನಲ್ಲಿ ರಕಾರದ ಪಕ್ಕ ಒಂದು ಸಕಾರ ಇದ್ದು ಬಿದ್ದುಹೋಗಿರುವಂತೆ ಕಾಣುತ್ತದೆ. ವರುಣನಲ್ಲಿ ಅದರ ಸುಳಿವಿಲ್ಲ. ಬಹುಪಾಲು ಭಾಷಾಶಾಸ್ತ್ರಜ್ಞರು ಆ ಸಮೀಕರಣವನ್ನು ಕೈಬಿಟ್ಟಿದ್ದಾರೆ. ನೀವೂ ಬಿಡಿ.

ಇನ್ನು ಪಾಂಡವರು. ಪೌರೋಹಿತ್ಯ ಮತ್ತು ರಾಜಧರ್ಮ, ಯುದ್ಧ, ಸಂಪತ್ತು ಮತ್ತು ಸಮೃದ್ಧಿ, ಈ ಮೂರು ಕಾರ್ಯಗಳ ಚೌಕಟ್ಟನ್ನು ದ್ಯುಮೆಜಿಲ್ 1938ರಲ್ಲಿ ಕಂಡುಕೊಂಡರು. ಅದನ್ನು ಪಾಂಡವರಿಗೆ ಹೊಂದಿಸಿದವರು ಸ್ವೀಡನ್ನಿನ ಸ್ಟಿಗ್ ವಿಕಾಂಡರ್, 1947ರಲ್ಲಿ. ಧರ್ಮಜ ಮೊದಲನೆಯದು, ವಾಯುಪುತ್ರ ಭೀಮ ಮತ್ತು ಇಂದ್ರಪುತ್ರ ಅರ್ಜುನ ಎರಡನೆಯದು, ಅಶ್ವಿನಿಗಳ ಮಕ್ಕಳು ಮೂರನೆಯದು. ನಿಮ್ಮ ಪ್ರಸಂಗವನ್ನೇ ನೋಡಿ: ವಿರಾಟನ ಮನೆಯಲ್ಲಿ ಧರ್ಮರಾಯ ಕಂಕನೆಂಬ ಬ್ರಾಹ್ಮಣ, ನಕುಲ ಕುದುರೆ ಲಾಯದಲ್ಲಿ, ಸಹದೇವ ದನಗಳ ಹಿಂದೆ. ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ ಭೀಮ ಅಡುಗೆಮನೆಯಲ್ಲಿದ್ದಾನೆ, ಅರ್ಜುನ ನಾಟ್ಯ ಕಲಿಸುತ್ತಿದ್ದಾನೆ. ಈ ಚೌಕಟ್ಟಿನಂತೆ ವೇದದಲ್ಲಿ ಮೊದಲನೆಯ ಕಾರ್ಯದ ದೇವರು ಮಿತ್ರ ಮತ್ತು ವರುಣ, ಮಹಾಭಾರತದಲ್ಲಿರುವುದು ಧರ್ಮ. ಮಿತ್ರನ ಜಾಗಕ್ಕೆ ಧರ್ಮ ಬಂದ ಎಂದು ಊಹಿಸಿಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ನನಗೆ ತೀರಾ ಗಟ್ಟಿ ಎನಿಸುವ ಆಕ್ಷೇಪ ಸಂಸ್ಕೃತ ವಿದ್ವಾಂಸ ಜಾನ್ ಬ್ರೋ ಅವರದು. 1959ರಲ್ಲಿ ಅವರು ಇದೇ ಚೌಕಟ್ಟನ್ನು ಹೀಬ್ರೂ ಬೈಬಲಿನ ಹಳೆಯ ಒಡಂಬಡಿಕೆಗೆ ಹೊಂದಿಸಿ ತೋರಿಸಿದರು. ಹೀಬ್ರೂ ಇಂಡೋ-ಯುರೋಪಿಯನ್ ಭಾಷೆಯೇ ಅಲ್ಲ. ಎಲ್ಲ ಕಡೆಯೂ ಸಿಗುವುದನ್ನು ಒಂದು ಕುಲದ ಆಸ್ತಿ ಎನ್ನುವುದು ಹೇಗೆ? ದ್ಯುಮೆಜಿಲ್ ಉತ್ತರ ಕೊಟ್ಟರು. ನನಗೆ ಆ ಉತ್ತರ ಸಾಲದು.

ಇನ್ನೊಬ್ಬ ಸದಸ್ಯರು: ಹಾಗಾದರೆ ಇಂದ್ರ–ವೃತ್ರರ ಕಥೆ? ಸರ್ಪ ಸಂಹಾರ ಗ್ರೀಕರಲ್ಲೂ, ಇಂದಿನ ಟರ್ಕಿಯಲ್ಲಿದ್ದ ಪ್ರಾಚೀನ ಹಿಟ್ಟೈಟರಲ್ಲೂ ಇದೆಯಲ್ಲ ಮೇಡಂ?

ಉತ್ತರ: ಕಥೆ ಮಾತ್ರ ಸಾಕ್ಷಿಯಾದರೆ ಕಷ್ಟ. ಬ್ಯಾಬಿಲೋನಿನ ಮರ್ದೂಕ್, ಉಗಾರಿತಿನ ಬಾಲ್ ಇವರೂ ಅಂಥದ್ದನ್ನೇ ಕೊಂದವರು. ಅವು ಸೆಮಿಟಿಕ್ ಭಾಷೆಗಳ, ಅಂದರೆ ಹೀಬ್ರೂ ಸೇರುವ ಬೇರೆ ಕುಲದ ಕಥೆಗಳು. ಕಥೆಗಳು ಗಡಿ ದಾಟುತ್ತವೆ. ಆದರೆ ಋಗ್ವೇದ 1.32ರ ‘ಅಹನ್ನಹಿಮ್’ ನೋಡಿ, ‘ಹಾವನ್ನು ಕೊಂದನು’. ಹಿಟ್ಟೈಟ್ ಕಥೆಯಲ್ಲಿ ಸಿಡಿಲ ದೇವರು ಇಲ್ಲುಯಂಕ ಎಂಬ ಸರ್ಪವನ್ನು ಕೊಂದದ್ದಕ್ಕೆ ‘ಕುಎಂತ’ ಎಂಬ ಕ್ರಿಯಾಪದ. ಗ್ರೀಕ್ ವೀರ ಪರ್ಸಿಯಸ್ ಗೊರ್ಗೊ ಎಂಬ ರಾಕ್ಷಸಿಯನ್ನು ಕೊಂದದ್ದಕ್ಕೆ ಗ್ರೀಕ್ ಕವಿ ಪಿಂಡಾರನದು ‘ಎಪೆಫ್ನೆನ್’. ಮೂರೂ ನಮ್ಮ ‘ಹನ್’ ಧಾತುವಿನ ಬಂಧುಗಳೇ. ಭಾಷಾಶಾಸ್ತ್ರಜ್ಞ ಕ್ಯಾಲ್ವರ್ಟ್ ವಾಟ್ಕಿನ್ಸ್ 1995ರಲ್ಲಿ ಇದರ ಮೇಲೆ ದೊಡ್ಡ ಗ್ರಂಥ ಬರೆದರು. ಅಲ್ಲಿ ಕಥೆಯ ಜೊತೆಗೆ ನುಡಿಗಟ್ಟೂ ಉಳಿದಿದೆ. ನಾನು ಒಪ್ಪುವುದು ಅಂಥದ್ದನ್ನು.

ವಿದ್ಯಾರ್ಥಿನಿ: ದ್ಯುಮೆಜಿಲ್ ಬಲಪಂಥೀಯರು ಎಂಬ ಆರೋಪವೂ ಇದೆಯಲ್ಲವೇ?

ಉತ್ತರ: ಇದೆಯಮ್ಮ. ಇತಿಹಾಸಕಾರರಾದ ಮೊಮಿಲ್ಯಾನೊ ಮತ್ತು ಕಾರ್ಲೊ ಗಿನ್ಸ್‌ಬರ್ಗ್ 1980ರ ದಶಕದಲ್ಲಿ ದ್ಯುಮೆಜಿಲ್ ಅವರ 1939ರ ಜರ್ಮನಿಕ್ ದೇವತೆಗಳ ಪುಸ್ತಕ ಹಿಡಿದು ಪ್ರಶ್ನೆ ಎತ್ತಿದರು. 1992ರಲ್ಲಿ ದಿದಿಯೆ ಎರಿಬೊಂ ಎಂಬವರು ದ್ಯುಮೆಜಿಲ್ ಪರ ಬರೆದರು. ಎರಡೂ ಕಡೆ ಓದು. ‘ಆರ್ಯ’ ಎಂಬ ಮಾತು 1930ರ ದಶಕದಲ್ಲಿ ಮಾಡಿದ ಅನಾಹುತ ಮರೆಯುವಂಥದ್ದಲ್ಲ. ಆದರೂ ಮೂರು ಕಾರ್ಯಗಳ ವಾದವನ್ನು ನಾನು ಒಪ್ಪದಿರುವುದು ಸಾಕ್ಷಿ ಸಾಲದ್ದಕ್ಕೆ.

ಪ್ರಶ್ನೆ ಕೇಳಿದವರು: ಹಾಗಾದರೆ ಪ್ರಸ್ತಾವನೆಯಲ್ಲಿ ಏನು ಹೇಳಲಿ ಮೇಡಂ?

ಉತ್ತರ: ದ್ಯೌಷ್ಪಿತಃ ಎಂದು ಶುರು ಮಾಡಿ, ಜ್ಯೂಪಿಟರ್‌ಗೆ ಬನ್ನಿ. ನಕುಲ ಸಹದೇವರ ವಿಷಯ ಬಂದಾಗ “ಹೀಗೊಂದು ವಾದವಿದೆ, ಒಪ್ಪದವರೂ ಇದ್ದಾರೆ” ಎನ್ನಿ. ಸಭೆಯಲ್ಲಿ ಯಾರಾದರೂ ಎದ್ದು ವಾದಕ್ಕೆ ನಿಂತರೆ ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ, ನನಗೆ ಅದನ್ನು ಕೇಳುವ ಆಸೆ ಇದೆ.