ಮುಂಜಾನೆ ಪಿಕಪ್ ಚಾಲೂ ಆಗವಲ್ದು, ಚೋರ್ಲಾ ಘಾಟ್ ಏರವಲ್ದು, ಯಾರರ ದಾರಿ ಹೇಳ್ರಿ

ಹುಕ್ಕೇರಿ_ಪಿಕಪ್:
ತಲಿ ಕೆಟ್ಟ ಹೋಗೇತ್ರಿ. ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತಗೊಂಡೀನಿ. ಮುಂಜಾನೆ ಸೆಲ್ಫ್ ಹೊಡದ್ ಹೊಡದ್ ಬ್ಯಾಟರಿ ಇಳದ್ ಹೋಗತೈತಿ, ಇಂಜಿನ್ ಮಾತ್ರ ಹಿಡಿಯಂಗಿಲ್ಲ. ಒಮ್ಮೆ ಹಿಡೀತು ಅಂದ್ರ ಆಮ್ಯಾಲ ದಿನಪೂರ್ತಿ ಅರ್ಧ ಸೆಲ್ಫಿಗೇ ಚಾಲೂ. ಮತ್ತ ಗೋವಾ ಲೈನಿಗೆ ಹೋದ್ರ ಚೋರ್ಲಾ ಘಾಟ್ನ್ಯಾಗ ಪೂರಾ ಸಾಯತೈತಿ, ಎಕ್ಸಲೇಟರ್ ಎಷ್ಟ್ ತುಳದ್ರೂ ಸೆಕೆಂಡ್ ಗೇರ್ ಮ್ಯಾಲ ಹೋಗಂಗಿಲ್ಲ, ಇಂಜಿನ್ ಲೈಟ್ ಹತ್ತತೈತಿ. ಬ್ಯಾಟರಿ ಹೊಸಾದು ಹಾಕೀನಿ, ಹೀಟರ್ ಪ್ಲಗ್ ಬದಲಿ ಮಾಡಿಸೀನಿ, ಸೆಲ್ಫ್ ಬಿಚ್ಚಿಸಿ ಬ್ರಷ್ ಹಾಕಿಸೀನಿ. ರೊಕ್ಕ ಅಷ್ಟ ಹೋತು. ಏನಾಗಿರಬೇಕು?

ನೋಜಲ್_ಕಾಕಾ_ಬಾಗಲಕೋಟಿ:
ನೋಜಲ್. ಕಣ್ಣ ಮುಚ್ಚಿ ಹೇಳ್ತೀನಿ, ಸಿಲಿಂಡರಿನ್ಯಾಗ ಡೀಸೆಲ್ ಚಿಮ್ಮೋ ನೋಜಲ್. ನಾಕೂ ತಗದು ಟೆಸ್ಟಿಂಗಿಗೆ ಕಳಸು.

ಇಂಡಿ_ಲಿಂಬಿ:
ತಮ್ಮಾ ಯಾವ ಗಾಡಿ, ಎಷ್ಟ್ ಓಡ್ಯಾದ, ಹೊಗಿ ನಿಯಮದ ಬಿಎಸ್ ಎಷ್ಟು, ಹೊಗಿ ಯಾವ ಬಣ್ಣ, ಏನೂ ಹೇಳಲಾರದ ಏನಾಗ್ಯಾದ ಅಂತ ಕೇಳಿದ್ರ ನಾವೇನ್ ಇಲ್ಲಿ ಕುಂತು ಕವಡಿ ಹಾಕೋಣೇನು?

ಹುಕ್ಕೇರಿ_ಪಿಕಪ್:
ಎಲ್ಲಾರ ಹಂತೇಕೂ ಇರೋ ಪಿಕಪ್ಪೇ ಅಣ್ಣಾರ. ಬಿಎಸ್4, ಕಾಮನ್ ರೇಲ್, ಅಂದ್ರ ರೇಲ್ ಅನ್ನೋ ಒಂದೇ ಪೈಪಿನಿಂದ ನಾಕೂ ನೋಜಲಿಗೆ ಪ್ರೆಶರ್ ಡೀಸೆಲ್ ಹೋಗೂದು. ಮೀಟರ್ 3 ಲಕ್ಷ 40 ಸಾವಿರ ತೋರಸತೈತಿ. ಸೆಲ್ಫ್ ಹೊಡಿಯುಮುಂದ ಸೈಲೆನ್ಸರಿನಾಗ ಹೊಗಿ ಬರಂಗೇ ಇಲ್ಲ.

ಇಂಡಿ_ಲಿಂಬಿ:
3 ಲಕ್ಷ 40 ಅಂದ್ರ ಮೀಟರ್ ತಿರಿವ್ಯಾರ ಅಂತನ ತಿಳ್ಕೋ. ಬ್ರೇಕ್ ಪೆಡಲ್ ರಬ್ಬರ್ ನೋಡು, ಡ್ರೈವರ್ ಸೀಟಿನ ಬಲಗಡೆ ಅಂಚು ನೋಡು. ಪೆಡಲ್ ಕಬ್ಬಣ ಕಾಣಾಕತ್ತಿದ್ರ ಅದು ಎಷ್ಟು ಓಡ್ಯದ ಅಂತ ದೇವರಿಗೇ ಗೊತ್ತು.

ಮುಧೋಳ_207:
ಮೀಟರ್ ತಿರಿವಿದ್ರೇನು ಬಿಟ್ರೇನು, ಗಾಡಿ ಚಾಲೂ ಆಗವಲ್ದು ಅದಕ್ಕ ಹೇಳ್ರಿ. ತಮ್ಮಾ ನಾ ಹೇಳಿದಂಗ ಮಾಡು. 17ರ ಪಾನಾ ತಗೊಂಡು ನೋಜಲ್ ಪೈಪಿನ ನಟ್ ಸಡ್ಲ ಮಾಡು, ಒಬ್ಬಾಂವ ಸೆಲ್ಫ್ ಹೊಡೀಲಿ, ಡೀಸೆಲ್ ಚಿಮ್ಮಿದ ಮ್ಯಾಲ ಬಿಗಿ. ಏರ್ ಹೋಗತೈತಿ. ನನ್ನ ಹಳೇ ಟಾಟಾ 207 ಪಿಕಪ್ಪಿಗೆ ಎಷ್ಟ್ ವರ್ಷ ಹಿಂಗ ಮಾಡೀನಿ, ಟ್ರ್ಯಾಕ್ಟರಿಗೂ ಹಿಂಗ.

ಉದ್ಯಮಬಾಗ_ಸ್ಪ್ಯಾನರ್:
ಹುಕ್ಕೇರಿಯವ್ರ, ಮ್ಯಾಲಿಂದು ಮಾಡಬ್ಯಾಡ್ರಿ!! ಹಳೇ ಪಂಪಿನ ಗಾಡಿಗೆ ಅದು ಸರಿ. ಕಾಮನ್ ರೇಲ್ ಪೈಪಿನಾಗ ಗಾಡಿ ಓಡುಮುಂದ 1600 ಬಾರ್ ತನಕ ಪ್ರೆಶರ್ ಹೋಗತೈತಿ, ಸೆಲ್ಫಿನಾಗೂ ನೂರಾರು ಬಾರ್. ಸಣ್ಣ ಸಂದಿಯಿಂದ ಹೊಂಟ ಡೀಸೆಲ್ ಚರ್ಮ ಕೊರದು ಕೈ ಒಳಗ ಹೊಕ್ಕೈತಿ. ಹೊರಗ ಸೂಜಿ ಚುಚ್ಚಿದಷ್ಟ ಕಾಣತೈತಿ, ಒಳಗ ಕೊಳತು ಬೆರಳ ತಗಿಯೂ ಪ್ರಸಂಗ ಬರ್ತೈತಿ. ಈ ಗಾಡಿಗೆ ಏರ್ ತಗಿಯೂದು ಫಿಲ್ಟರ್ ಹಂತೇಕ ಕೈಪಂಪಿನಿಂದ, ರೇಲ್ ಕಡೆ ಪಾನಾ ಹಚ್ಚಬಾರ್ದು.

ಮುಧೋಳ_207:
ನಾವೇನ್ ಇಷ್ಟ್ ವರ್ಷ ಬೆರಳಿಲ್ಲದ ದುಡದೀವೇನ್ರಿ. ಕಂಪ್ಯೂಟರ್ ಗಾಡಿ ಬಂದ ಮ್ಯಾಲ ಎಲ್ಲಾರೂ ಅಂಜಿಸೋರ ಆಗ್ಯಾರ. ನನ್ನ 207 ಮುಧೋಳದಿಂದ ಕಬ್ಬಿನ ಬೀಜ ಹೇರ್ಕೊಂಡು ಜಮಖಂಡಿಗೆ ಹೊಂಟ್ರ ಬಾಜೂ ನಿಂದ್ರೋ ಹೊಸಾ ಗಾಡಿ ಇಲ್ಲ. ಟ್ಯಾಂಕಿಗೊಮ್ಮೆ ಟೂ ಸ್ಟ್ರೋಕ್ ಆಯಿಲ್ ಹಾಕ್ತೀನಿ, ಪಂಪ್ ಬೆಣ್ಣಿ ಇದ್ದಂಗ.

ಇಂಡಿ_ಲಿಂಬಿ:
ಟೂ ಸ್ಟ್ರೋಕ್ ಆಯಿಲ್ ಶುರು ಆತು. ಈಗ ಸೀಮಿಎಣ್ಣಿ ಮಂದಿನೂ ಬರ್ತಾರ ನೋಡ್ರಿ.

ನೋಜಲ್_ಕಾಕಾ_ಬಾಗಲಕೋಟಿ:
ಇಂಜಿನ್ ಲೈಟ್ ಹತ್ತೇತಿ ಅಂದ್ಯಲ್ಲ, ಕೋಡ್ ಏನ್ ಬಂದೈತಿ? ನೋಜಲ್ ಹೋದ್ರ ಪ್ರೆಶರ್ ಕೋಡೇ ಬರೂದು.

ಹುಕ್ಕೇರಿ_ಪಿಕಪ್:
ದೋಸ್ತಂದು ಕೋಡ್ ಓದೋ ಬ್ಲೂಟೂತ್ ಓಬಿಡಿ ಹಚ್ಚಿ ನೋಡೇನ್ರಿ, ಪಿ0087.

ನೋಜಲ್_ಕಾಕಾ_ಬಾಗಲಕೋಟಿ:
ಹೇಳಿದ್ನಿಲ್ಲ! ನೋಜಲ್ ಒಳಗ ಸವದು ಡೀಸೆಲ್ ಎಲ್ಲಾ ಟ್ಯಾಂಕಿಗೆ ರಿಟರ್ನ್ ಹೊಂಟೈತಿ. ನಾಕೂ ಬದಲಿ ಮಾಡು, ಒಂದ್ ಮಾಡಿದ್ರ ಮತ್ತೊಂದ್ ಹೋಗತೈತಿ.

ಉದ್ಯಮಬಾಗ_ಸ್ಪ್ಯಾನರ್:
ಕಾಕಾ, ಪಿ0087 ಅಂದ್ರ ರೇಲಿನ್ಯಾಗ ಪ್ರೆಶರ್ ಕಡಿಮಿ ಅಂತ ಅಷ್ಟ. ಯಾಕ ಕಡಿಮಿ ಅಂತ ಅದು ಹೇಳಂಗಿಲ್ಲ. ನೋಜಲ್ ಇರಬೌದು, ಫಿಲ್ಟರ್ ಕಟ್ಟಿರಬೌದು, ಹೈ ಪ್ರೆಶರ್ ಪಂಪ್ ಇರಬೌದು, ಪಂಪಿಗೆ ಡೀಸೆಲ್ ಬದಲಿ ಗಾಳಿ ಹೋಗ್ತಿರಬೌದು. ನೋಜಲ್ ಮ್ಯಾಲ ಸಂಶೆ ಇದ್ರ ಬಿಚ್ಚೂದ ಬ್ಯಾಡ, ನಾಕೂ ನೋಜಲಿನ ರಿಟರ್ನಿಗೆ ಸಣ್ಣ ಪೈಪ್ ಹಚ್ಚಿ ನಾಕ್ ಒಂದೇ ನಮೂನಿ ಬಾಟ್ಲಿಯೊಳಗ ಬಿಟ್ಟು ಸ್ವಲ್ಪ ಹೊತ್ತು ಐಡಲ್ ಇಡ್ರಿ. ಯಾವ ಬಾಟ್ಲಿ ಉಳದವಕಿಂತ ಭಾಳ ತುಂಬತೈತಿ ಅದ ನೋಜಲ್ ಸವದೈತಿ.

ಆದ್ರ ಒಂದ್ ಮಾತು ತಿಳೀವಲ್ದು. ಲೋಡ್ ತಗೊಂಡು ಗೋವಾಕ್ಕ ಹೋಗುಮುಂದ ಚೋರ್ಲಾ ಇಳಿಯೂದಲ್ಲ? ಏರೂದು ಬರುಮುಂದ. ಅವಾಗೂ ಲೋಡ್ ಇರ್ತೈತೇನು?

ಹುಕ್ಕೇರಿ_ಪಿಕಪ್:
ಇಲ್ರಿ, ಬೆಳಗಾವಿಯಿಂದ ಕಾಯಿಪಲ್ಲೆ ಒಯ್ದು ಮಾಪುಸಾದಾಗ ಇಳಿಸಿ ಖಾಲಿ ಬರ್ತೀನಿ. ಖಾಲಿ ಗಾಡಿನ ಏರಂಗಿಲ್ಲ, ಅದಕ್ಕ ಸಿಟ್ಟು. ಕೇರಿ ದಾಟಿ ಘಾಟ್ ಹತ್ತಿದ್ರ ಮುಗೀತು. ಕಣಕುಂಬಿ ಬಂದು ಸಪಾಟ್ ರಸ್ತೆ ಸಿಕ್ಕ ಮ್ಯಾಲ ತಾನ ಸರಿ ಆಕ್ಕೈತಿ. ಜಾಂಬೋಟಿ ಕಡೆ ಲೋಡ್ ಇದ್ದಾಗ ಏನೂ ತ್ರಾಸಿಲ್ಲ.

ಉದ್ಯಮಬಾಗ_ಸ್ಪ್ಯಾನರ್:
ಡೀಸೆಲ್ ಎಲ್ಲಿ ಹಾಕಿಸ್ತೀರಿ? ಬರುಮುಂದ ಟ್ಯಾಂಕಿನ್ಯಾಗ ಎಷ್ಟಿರ್ತೈತಿ?

ಹುಕ್ಕೇರಿ_ಪಿಕಪ್:
ಬೆಳಗಾವ್ಯಾಗ ತುಂಬಸ್ತೀನಿ, ಬರುಮುಂದ ಕಡಿಮಿನ ಇರ್ತೈತಿ. ಹಾಂ ಅಂದಂಗ, ರಾತ್ರಿ ಫುಲ್ ಟ್ಯಾಂಕ್ ಮಾಡಿ ನಿಲ್ಲಿಸಿದ್ರ ಮುಂಜಾನೆ ಲಗೂನ ಚಾಲೂ ಆಕ್ಕೈತಿ. ಕೈಪಂಪ್ ಗಟ್ಟಿ ಆಗೂತನಕ ಒತ್ತಿದ್ರೂ ಆಕ್ಕೈತಿ.

ಇಂಡಿ_ಲಿಂಬಿ:
ಇದನ್ನ ಮೊದಲ ಹೇಳಬೇಕಿಲ್ಲೋ ಮಾರಾಯಾ!! ಬ್ಯಾಟರಿ ಹಾಕ್ಸಿದಿ, ಸೆಲ್ಫ್ ಬಿಚ್ಚಿಸಿದಿ, ಇದೊಂದು ಬಿಟ್ಟು ಎಲ್ಲಾ ಹೇಳಿದಿ.

ಉದ್ಯಮಬಾಗ_ಸ್ಪ್ಯಾನರ್:
ಹಂಗಾದ್ರ ಟ್ಯಾಂಕ್ ಮತ್ತು ಪಂಪಿನ ನಡುವ ಎಲ್ಲೋ ಗಾಳಿ ಎಳಿತೈತಿ. ಇದು ಪಂಪ್ ಡೀಸೆಲ್ ಜಗ್ಗೂ ಸಕ್ಷನ್ ಲೈನ್, ಗಾಡಿ ಓಡುಮುಂದ ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿ ಒಳಗ ಹೋಗತೈತಿ, ಅದಕ್ಕ ಕೆಳಗ ಹನಿ ಕಾಣಂಗಿಲ್ಲ, ಮಿಸ್ತ್ರಿಗೂ ಗೊತ್ತಾಗಂಗಿಲ್ಲ. ರಾತ್ರಿ ನಿಂತಾಗ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿತೈತಿ, ಟ್ಯಾಂಕ್ ತುಂಬಿದ್ರ ಮಟ್ಟ ಮ್ಯಾಲಿರ್ತೈತಿ ಹಂಗಾಗಿ ಅಷ್ಟು ಇಳಿಯಂಗಿಲ್ಲ. ಘಾಟ್ನ್ಯಾಗೂ ಇದ ಲೆಕ್ಕ: ಮೂತಿ ಮ್ಯಾಲಾಗಿ ಟ್ಯಾಂಕ್ ಹಿಂದ ಕೆಳಗಾತು, ಮಟ್ಟ ಮೊದಲ ಕಡಿಮಿ, ಪಂಪ್ ಜಾಸ್ತಿ ಜಗ್ಗಬೇಕು, ಜಗ್ಗಿದಷ್ಟು ಗಾಳಿ ಬರ್ತೈತಿ. ರೇಲ್ ಪ್ರೆಶರ್ ಬಿತ್ತು, ಇಂಜಿನ್ ಕಂಪ್ಯೂಟರ್ (ಇಸಿಯು) ಪವರ್ ಕಟ್ ಮಾಡ್ತು. ಸೆಲ್ಫ್ ಹೊಡಿಯುಮುಂದ ಹೊಗಿ ಇಲ್ಲ ಅಂದ್ರ ಸಿಲಿಂಡರಿಗೆ ಡೀಸೆಲ್ ಹೊಂಟೇ ಇಲ್ಲ, ಬಿಳಿ ಹೊಗಿ ಬಂದಿದ್ರ ಬ್ಯಾರೆ ಮಾತಿತ್ತು.

ಪಾರದರ್ಶಕ ಪೈಪಿನ ಎರಡು ತುಂಡು ತಗೊಳ್ರಿ, ಫಿಲ್ಟರಿನ ಮೊದಲ ಒಂದು, ಫಿಲ್ಟರ್ ಆದ ಮ್ಯಾಲ ಒಂದು. ಚಾಲೂ ಮಾಡಿ ರೇಸ್ ಕೊಟ್ಟು ನೋಡ್ರಿ. ಗುಳ್ಳಿ ಎರಡನೇದ್ರಾಗ ಅಷ್ಟ ಇದ್ರ ಫಿಲ್ಟರಿನ ರಬ್ಬರ್ ರಿಂಗ್ (ಓರಿಂಗ್) ಇಲ್ಲಾ ಕೆಳಗಿನ ನೀರಿನ ಸೆನ್ಸರಿನ ಓರಿಂಗ್. ಮೊದಲನೇದ್ರಾಗೂ ಇದ್ರ ಟ್ಯಾಂಕ್ ಕಡೆ ಪೈಪ್.

ನೋಜಲ್_ಕಾಕಾ_ಬಾಗಲಕೋಟಿ:
ಗುಳ್ಳಿ ಎಲ್ಲಾ ಗಾಡಿಗೂ ಸ್ವಲ್ಪ ಇರ್ತಾವ. ನೋಜಲ್ ತಗಸು.

ವಿಜಯಪುರ_ಕ್ಯಾಂಪರ್:
ನಡಕ ಬಾಯಿ ಹಾಕ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ನಂದು ಹಿಂದ ಸ್ಪ್ರಿಂಗ್ ಪಾಟಾ ಜಾಸ್ತಿ ಹಾಕ್ಸಿ ಎಲ್ಇಡಿ ಬಾರ್, ಪ್ರೆಶರ್ ಹಾರ್ನ್ ಹಚ್ಚೀನಿ, ಸೊಲ್ಲಾಪುರ ಹೈವೇದಾಗ ದ್ರಾಕ್ಷಿ ಹೇರ್ಕೊಂಡು ಹೊಂಟ್ರ ಮಂದಿ ತಿರುಗಿ ನೋಡ್ತಾರ. ಫೋಟೋ ಹಾಕ್ಲೇನು?

ಇಂಡಿ_ಲಿಂಬಿ:
ಹಾಕಬ್ಯಾಡ.

ಮುಧೋಳ_207:
ಹಾಕು ತಮ್ಮಾ, ಪಾಟಾ ಎಷ್ಟ್ ಎಂಎಂದು ಹಾಕ್ಸಿದಿ?

ಹುಕ್ಕೇರಿ_ಪಿಕಪ್:
ನೋಡೇನ್ರಿ. ಮೊದಲನೇ ಪೈಪಿನ್ಯಾಗ ಸೋಡಾ ಬಾಟ್ಲಿ ಗತೆ ಗುಳ್ಳಿ! ಚಾಸಿ ಕೆಳಗ ಮಕ್ಕೊಂಡು ಹಿಡಕೊಂತ ಹ್ವಾದೆ, ಮೊದಲಿನ ಮಾಲಕ ಟ್ಯಾಂಕಿಂದ ಬರೋ ಕಬ್ಬಣ ಪೈಪ್ ಕಟ್ ಮಾಡಿ ನಡುವ ನೀರಿನ ರಬ್ಬರ್ ಪೈಪ್ ತುರುಕಿ ತಂತಿ ಬಿಗದಾನ. ರಬ್ಬರ್ ಉಬ್ಬಿ ಒಡದೈತಿ, ಮ್ಯಾಲ ಕೆಸರು ಮೆತ್ತಿ ಕಾಣ್ತಿದ್ದಿಲ್ಲ. ಸದ್ಯಕ್ಕ ಆ ಪಾರದರ್ಶಕ ಪೈಪನ ಅಲ್ಲಿ ಹಾಕಿ ಕ್ಲಿಪ್ ಬಿಗದೀನಿ. ಇವತ್ತು ಮುಂಜಾನೆ ಟ್ಯಾಂಕ್ ಅರ್ಧಕಿಂತ ಕೆಳಗ, ಕೈಪಂಪ್ ಮುಟ್ಟಿಲ್ಲ, ಒಂದ ಸೆಲ್ಫಿಗೆ ಹಿಡೀತು.

ಉದ್ಯಮಬಾಗ_ಸ್ಪ್ಯಾನರ್:
ಚಲೋ ಆತು. ಆದ್ರ ಆ ಪೈಪ್ ಅಲ್ಲೇ ಬಿಡಬ್ಯಾಡ್ರಿ, ಅದು ನೋಡಾಕ ಅಷ್ಟ. ಡೀಸೆಲ್ ಮತ್ತ ಬಿಸಿಗೆ ಗಟ್ಟಿ ಆಗಿ ಸೀಳತೈತಿ. ಡೀಸೆಲಿಗೇ ಅಂತ ಬರೋ ರಬ್ಬರ್ ಪೈಪ್ ಹಾಕ್ರಿ, ಎರಡೂ ಕಡೆ ಸ್ಕ್ರೂ ಕ್ಲಿಪ್. ಫಿಲ್ಟರ್ ಹೊಸಾದು ಹಾಕ್ರಿ, ಒಡದ ರಬ್ಬರಿನ ಚೂರು ಅದ್ರಾಗ ಬಂದಿರ್ತಾವ.

ಹುಕ್ಕೇರಿ_ಪಿಕಪ್:
ಪೈಪ್ ಯಾವ ಸೈಜ್ ಕೇಳ್ಲಿ?

ಉದ್ಯಮಬಾಗ_ಸ್ಪ್ಯಾನರ್:
ಸೈಜ್ ಕೇಳಬ್ಯಾಡ್ರಿ. ಕಬ್ಬಣ ಪೈಪಿನ ತುಂಡು ಇದ್ರ ಅದನ್ನ ಒಯ್ದು ಅಂಗಡ್ಯಾಗ ತೂರಿಸಿ ನೋಡಿ ತಗೊಳ್ರಿ, ಬಿಗಿ ಕುಂಡ್ರಬೇಕು.

ನೋಜಲ್_ಕಾಕಾ_ಬಾಗಲಕೋಟಿ:
ಮುಂಜಾನೆ ಚಾಲೂ ಆತು, ಒಪ್ಪಿದ್ವಿ. ಚೋರ್ಲಾ ಏರೀತೇನು?

ಹುಕ್ಕೇರಿ_ಪಿಕಪ್:
ಇನ್ನೂ ಲೋಡ್ ಸಿಕ್ಕಿಲ್ಲ ಕಾಕಾ. ಹೋಗಿ ಬಂದ ಮ್ಯಾಲ ಹೇಳ್ತೀನಿ.

ವಿಜಯಪುರ_ಕ್ಯಾಂಪರ್:
ಮುಧೋಳದ ಅಣ್ಣಾರ, 10 ಎಂಎಂ ಪಾಟಾ ಹಾಕ್ಸೀನಿ. ಖಾಲಿ ಇದ್ದಾಗ ಸೊಂಟ ಮುರೀತದ ಖರೆ, ಆದ್ರ ಗಾಡಿ ಹಿಂದ ಕುಂಡ್ರಂಗಿಲ್ಲ.